ಋಣವಿಲ್ಲದವಳ ಉಪಚಾರ: ಜಪಾನಿನ ಸಂಸಾರಚಿತ್ರಗಳ ಚರಿತ್ರೆಯಿಂದ

1948ರ ಜನವರಿ 1ರಂದು ಜಪಾನಿನಲ್ಲಿ ಮನೆತನವೆಂಬುದು ಕಾನೂನಿನ ಪುಸ್ತಕದಿಂದ ಹೊರಬಿದ್ದಿತು. 1898ರ ನಾಗರಿಕ ಸಂಹಿತೆ ಜಾರಿಗೆ ಬಂದಂದಿನಿಂದ ಅರ್ಧ ಶತಮಾನ ಕಾಲ ಅಲ್ಲಿ ಪ್ರತಿಯೊಬ್ಬನೂ ಮೊದಲು ಒಂದು ‘ಇಯೆ’ಯ ಸದಸ್ಯ, ಆಮೇಲೆ ವ್ಯಕ್ತಿ. ‘ಇಯೆ’ ಎಂದರೆ ಮನೆ, ಅದಕ್ಕೊಬ್ಬ ಯಜಮಾನ. ಮನೆಯವರ ಮದುವೆಗೆ ಅವನ ಒಪ್ಪಿಗೆ ಬೇಕು, ಅವರು ಎಲ್ಲಿ ವಾಸಿಸಬೇಕೆಂದು ಗೊತ್ತುಮಾಡುವ ಹಕ್ಕು ಅವನದು, ಅವನ ನಂತರ ಯಜಮಾನಿಕೆಯೂ ಆಸ್ತಿಯೂ ಸಾಮಾನ್ಯವಾಗಿ ಹಿರಿಯ ಮಗನಿಗೆ. ಮಗ ಪೋಷಿಸಬೇಕಾದವರ ಸಾಲಿನಲ್ಲಿ ಹೆಂಡತಿ ಮಕ್ಕಳಿಗಿಂತ ಹೆತ್ತವರು ಮುಂದೆ. ಯುದ್ಧದಲ್ಲಿ ಸೋತ ಜಪಾನು 1947ರ ಮೇ 3ರಂದು ಹೊಸ ಸಂವಿಧಾನವನ್ನು ಜಾರಿಗೆ ತಂದಿತು. ಅದರ 24ನೆಯ ವಿಧಿ, ವಿವಾಹಕ್ಕೆ ಗಂಡು ಹೆಣ್ಣುಗಳಿಬ್ಬರ ಒಪ್ಪಿಗೆಯೊಂದೇ ಆಧಾರವೆಂದೂ, ಕುಟುಂಬದ ಕಾನೂನುಗಳು ವ್ಯಕ್ತಿಯ ಘನತೆಯ ಮೇಲೂ ಸ್ತ್ರೀಪುರುಷರ ಸಮಾನತೆಯ ಮೇಲೂ ನಿಲ್ಲಬೇಕೆಂದೂ ಹೇಳಿತು. ಅದಕ್ಕೆ ತಕ್ಕಂತೆ ತಿದ್ದಿದ ಸಂಹಿತೆ ಮರುವರ್ಷದ ಮೊದಲ ದಿನ ಜಾರಿಯಾದಾಗ ಯಜಮಾನನ ಪದವಿಯೇ ಇಲ್ಲವಾಯಿತು. ಆಸ್ತಿ ಎಲ್ಲ ಮಕ್ಕಳಿಗೂ ಸಮಪಾಲಾಯಿತು.

ಹೆತ್ತವರನ್ನೂ ಬೆಳೆದ ಮಕ್ಕಳನ್ನೂ ಕುರಿತ ಜಪಾನಿನ ಶ್ರೇಷ್ಠ ಚಲನಚಿತ್ರಗಳು ಈ ದಿನಾಂಕದ ನಂತರದ ಹದಿನೈದು ವರ್ಷಗಳಲ್ಲಿಯೇ ದಟ್ಟವಾಗಿ ಬಂದುದು ಆಕಸ್ಮಿಕವಲ್ಲ. ಆದರೆ ಇವುಗಳನ್ನು ನೋಡುವವರು ಬಹುಮಟ್ಟಿಗೆ ಒಂದೇ ಪಾಠವನ್ನು ಓದಿಕೊಳ್ಳುತ್ತಾರೆ: ಕಾಲ ಕೆಟ್ಟಿತು, ಮಕ್ಕಳು ಕೆಟ್ಟರು, ತುಂಬಿದ ಮನೆ ಒಡೆಯಿತು. ನಮಗೆ ಆ ಪಾಠ ಸರಿಯೆಂದು ತೋರುವುದಿಲ್ಲ. ಕಾನೂನು ಹೇಳಿಕೊಟ್ಟ ಋಣವು ಕಾನೂನಿನಿಂದಲೇ ಅಳಿಸಿಹೋದ ಮೇಲೆ ತಂದೆತಾಯಿ ಮತ್ತು ಮಕ್ಕಳ ನಡುವೆ ಉಳಿಯುವುದೇನು ಎಂಬ ಪ್ರಶ್ನೆಯನ್ನು ಈ ಚಿತ್ರಗಳು ಕೇಳುತ್ತವೆ. ಮತ್ತು ಅವು ಕೊಡುವ ಉತ್ತರ ವಿಲಾಪವಲ್ಲ.

ಋಣ ಎಂಬ ನಮ್ಮ ಮಾತಿಗೆ ಜಪಾನೀ ಭಾಷೆಯಲ್ಲಿ ಹತ್ತಿರದ ಮಾತು ‘ಓನ್’: ಪಡೆದ ಉಪಕಾರ, ತೀರಿಸಲೇಬೇಕಾದ ಹೊರೆ. ಹೆತ್ತವರ ಋಣವನ್ನು ತೀರಿಸುವ ನಡತೆಯೇ ‘ಕೋ’. ಇದು ಚೀನಾದ ಕನ್‌ಫ್ಯೂಷಿಯನ್ ಸಂಪ್ರದಾಯದಿಂದ ಬಂದ ಹಳೆಯ ಮೌಲ್ಯವಾದರೂ, ಅದನ್ನು ರಾಷ್ಟ್ರದ ಆಡಳಿತಯಂತ್ರವಾಗಿ ಮಾಡಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಮೇಜಿ ಸರ್ಕಾರ. 1890ರ ಶಿಕ್ಷಣ ಕುರಿತ ರಾಜಾಜ್ಞೆ ತಂದೆತಾಯಿಯರ ಮೇಲಿನ ಭಕ್ತಿಯನ್ನೂ ಚಕ್ರವರ್ತಿಯ ಮೇಲಿನ ನಿಷ್ಠೆಯನ್ನೂ ಒಂದೇ ದಾರದಲ್ಲಿ ಪೋಣಿಸಿತು. ಶಾಲೆಗಳಲ್ಲಿ ಅದನ್ನು ತಲೆತಗ್ಗಿಸಿ ಕೇಳಬೇಕಾಗಿತ್ತು. ಅದೇ ವರ್ಷ ಫ್ರೆಂಚ್ ಮಾದರಿಯ ನಾಗರಿಕ ಸಂಹಿತೆಯೊಂದು ಪ್ರಕಟವಾದಾಗ, ನ್ಯಾಯಶಾಸ್ತ್ರಜ್ಞ ಯಾತ್ಸುಕಾ ಹೊಜುಮಿ, ಈ ಸಂಹಿತೆ ಬಂದರೆ ನಿಷ್ಠೆಯೂ ಪಿತೃಭಕ್ತಿಯೂ ನಾಶವಾಗುತ್ತವೆ ಎಂಬ ಅರ್ಥದ ಶೀರ್ಷಿಕೆಯಿಟ್ಟು 1891ರಲ್ಲಿ ಪ್ರಬಂಧ ಬರೆದರು. ಆ ಸಂಹಿತೆ ಜಾರಿಗೆ ಬರಲೇ ಇಲ್ಲ. ಅದರ ಬದಲು ಬಂದದ್ದೇ 1898ರ ಯಜಮಾನಪ್ರಧಾನ ಸಂಹಿತೆ. ಆದ್ದರಿಂದ 1948ರಲ್ಲಿ ಹೋದದ್ದನ್ನು ಅನಾದಿಕಾಲದ ಕೂಡುಮನೆ ಎಂದು ತಿಳಿಯಬಾರದು. ಹೋದದ್ದು ಐವತ್ತು ವರ್ಷದ ಒಂದು ಆಳ್ವಿಕೆಯ ಏರ್ಪಾಡು.

ಸಿನಿಮಾ ಈ ಮನೆಯೊಳಗೆ ಕಾಲಿಟ್ಟದ್ದು ಷೋಚಿಕು ಸಂಸ್ಥೆಯ ಕಮಾತಾ ಸ್ಟುಡಿಯೋದ ಬಾಗಿಲಿನಿಂದ. 1924ರಲ್ಲಿ ಅದರ ಮುಖ್ಯಸ್ಥರಾದ ಶಿರೋ ಕಿದೊ ಅವರಿಗೆ ಕತ್ತಿವರಸೆಯ ಕಥೆಗಳಿಗಿಂತ ಸಂಬಳದ ಜನ, ಬಾಡಿಗೆಮನೆ, ತಿಂಗಳ ಕೊನೆಯ ಕೈಸಾಲ ಇವುಗಳ ಕಥೆಗಳು ಬೇಕಾಗಿದ್ದವು. 1923ರಲ್ಲಿ ಕ್ಯಾಮರಾ ಸಹಾಯಕರಾಗಿ ಅಲ್ಲಿ ಸೇರಿದ ಯಾಸುಜಿರೊ ಓಜು ಈ ಗರಡಿಯಲ್ಲಿಯೇ ಪಳಗಿದರು. ಅವರು ಹುಟ್ಟಿದ್ದು 1903ರಲ್ಲಿ ಟೋಕಿಯೋದ ಫುಕಾಗಾವಾದಲ್ಲಿ. ಹತ್ತನೆಯ ವಯಸ್ಸಿಗೆ ತಾಯಿ ಮತ್ತು ಒಡಹುಟ್ಟಿದವರೊಡನೆ ಮತ್ಸುಸಾಕಾ ಎಂಬ ಊರಿಗೆ ಹೋದರು, ತಂದೆ ವ್ಯಾಪಾರಕ್ಕಾಗಿ ಟೋಕಿಯೋದಲ್ಲಿಯೇ ಉಳಿದರು. ಮುಂದೆ ಅವರು ಮದುವೆಯಾಗಲಿಲ್ಲ. ತಾಯಿಯ ಕೊನೆಯವರೆಗೂ ಅವರೊಡನೆಯೇ ಇದ್ದರು. ಮಕ್ಕಳು ಮದುವೆಯಾಗಿ ಮನೆ ಬಿಡುವುದನ್ನು ಅಷ್ಟು ಬಾರಿ ಚಿತ್ರಿಸಿದವರು ತಾವು ಮಾತ್ರ ಮನೆ ಬಿಡದೆ ಉಳಿದರು.

ಹಳೆಯ ಕಾನೂನು ಜಾರಿಯಲ್ಲಿದ್ದ ಕಾಲದ ಅವರ ಎರಡು ಚಿತ್ರಗಳನ್ನು ಮೊದಲು ನೋಡೋಣ. 1936ರ ‘ದಿ ಓನ್ಲಿ ಸನ್’ ಅವರ ಮೊದಲ ಮಾತಿನ ಚಿತ್ರ. ಶಿನ್‌ಶು ಪ್ರಾಂತದ ರೇಷ್ಮೆ ಗಿರಣಿಯಲ್ಲಿ ದುಡಿಯುವ ವಿಧವೆಯೊಬ್ಬಳು ಮಗನನ್ನು ಓದಿಸುತ್ತಾಳೆ. ವರ್ಷಗಳ ನಂತರ ಟೋಕಿಯೋಗೆ ಬಂದು ನೋಡಿದರೆ ಮಗ ರಾತ್ರಿಶಾಲೆಯೊಂದರ ಬಡ ಮೇಷ್ಟ್ರು. ಮದುವೆಯಾಗಿ ಮಗುವಾದದ್ದೂ ಅವಳಿಗೆ ತಿಳಿದಿರಲಿಲ್ಲ. ಅವನ ಓದಿಗಾಗಿ ಮನೆಯೂ ಹಿಪ್ಪುನೇರಳೆಯ ತೋಟವೂ ಮಾರಿಹೋಗಿವೆ. ತಾಯಿಗೆ ನಗರ ತೋರಿಸಲು ಮಗ ಸಾಲ ಮಾಡುತ್ತಾನೆ, ಸೊಸೆ ತನ್ನ ಕಿಮೋನೊ ಮಾರುತ್ತಾಳೆ. ಆ ಹಣ ಕೊನೆಗೆ ಹೋಗುವುದು ಕುದುರೆ ಒದ್ದು ಗಾಯಗೊಂಡ ನೆರೆಮನೆಯ ಹುಡುಗನ ಚಿಕಿತ್ಸೆಗೆ. ಮಗ ದೊಡ್ಡ ಮನುಷ್ಯನಾಗಲಿಲ್ಲವೆಂದು ನೊಂದಿದ್ದ ತಾಯಿ ಹೆಮ್ಮೆಪಡುವುದು ಆ ಒಂದು ಗಳಿಗೆಯಲ್ಲಿ. ತನಗೆ ಸಲ್ಲಬೇಕಾದದ್ದು ಸಂದಾಗ ಬಾರದ ಹೆಮ್ಮೆ, ಯಾರಿಗೂ ಸಲ್ಲಬೇಕಾಗಿಲ್ಲದ್ದು ಸಂದಾಗ ಬಂದಿತು. ಹದಿನೇಳು ವರ್ಷಗಳ ನಂತರ ಓಜು ಮತ್ತೆ ಹಿಡಿಯುವ ಎಳೆ ಇದೇ.

1941ರ ‘ತೋದಾ ಕುಟುಂಬದ ಒಡಹುಟ್ಟುಗಳು’ ಇನ್ನೂ ಸ್ಪಷ್ಟ. ಶ್ರೀಮಂತ ಯಜಮಾನ ತೀರಿಕೊಳ್ಳುತ್ತಾನೆ, ಸಾಲ ತೀರಿಸಲು ಮನೆ ಮಾರಬೇಕಾಗುತ್ತದೆ. ವಿಧವೆ ತಾಯಿಯೂ ಮದುವೆಯಾಗದ ಕಿರಿಯ ಮಗಳೂ ಹಿರಿಯ ಮಗನ ಮನೆಗೆ, ಅಲ್ಲಿಂದ ಹಿರಿಯ ಮಗಳ ಮನೆಗೆ, ಕೊನೆಗೆ ಸಮುದ್ರತೀರದ ಶಿಥಿಲ ಬಂಗಲೆಗೆ ಸಾಗುತ್ತಾರೆ. ಆಗ ಪೂರ್ತಿ ಜಾರಿಯಲ್ಲಿದ್ದ ಕಾನೂನು ಹೆತ್ತವರನ್ನು ಮೊದಲ ಸಾಲಿನಲ್ಲಿಟ್ಟಿತ್ತು. ರಾಜಾಜ್ಞೆ ಶಾಲೆಶಾಲೆಯಲ್ಲಿ ಮೊಳಗುತ್ತಿತ್ತು. ಆದರೂ ತಾಯಿಗೆ ಯಾವ ಮನೆಯಲ್ಲಿಯೂ ಜಾಗವಿಲ್ಲ. ತಂದೆಯ ವರ್ಷಾಬ್ದಿಕಕ್ಕೆ ಚೀನಾದ ತಿಯಾನ್‌ಜಿನ್‌ನಿಂದ ಬಂದ ಎರಡನೆಯ ಮಗ ಎಲ್ಲರನ್ನೂ ಗದರಿಸಿ ತಾಯಿತಂಗಿಯರನ್ನು ತನ್ನೊಡನೆ ಕರೆದೊಯ್ಯಲು ನಿರ್ಧರಿಸುತ್ತಾನೆ. ಹೊಸ ಕಾನೂನಿನಿಂದ ಮಕ್ಕಳು ಕೆಟ್ಟರೆನ್ನುವವರು ಈ ಚಿತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಯುದ್ಧಾನಂತರ, ಅಮೆರಿಕದ ಆಕ್ರಮಣ ಆಡಳಿತ 1945ರ ನವೆಂಬರಿನಲ್ಲಿ ಹದಿಮೂರು ನಿಷಿದ್ಧ ವಿಷಯಗಳ ಪಟ್ಟಿಯನ್ನು ಚಿತ್ರಸಂಸ್ಥೆಗಳಿಗೆ ಕೊಟ್ಟಿತು. ಊಳಿಗಮಾನ್ಯ ನಿಷ್ಠೆಯ ವೈಭವೀಕರಣ, ಸ್ತ್ರೀಯರ ಅಧೀನತೆಯ ಸಮರ್ಥನೆ ಅದರಲ್ಲಿ ಸೇರಿದ್ದವು. ಚಿತ್ರಕಥೆಗಳು ಮೊದಲೇ ಪರಿಶೀಲನೆಗೆ ಹೋಗಬೇಕಾಗಿತ್ತು. 1949ರಲ್ಲಿ ಓಜು ಮತ್ತು ಅವರ ಜೊತೆ ಬರಹಗಾರ ಕೊಗೊ ನೋದಾ, ಕಜುವೊ ಹಿರೊತ್ಸು ಅವರ ಕಥೆಯನ್ನು ಆಧರಿಸಿ ‘ಲೇಟ್ ಸ್ಪ್ರಿಂಗ್’ ಮಾಡಿದ್ದು ಈ ವಾತಾವರಣದಲ್ಲಿ. ಕಾಮಾಕುರಾದಲ್ಲಿ ವಿಧುರ ಪ್ರಾಧ್ಯಾಪಕ, ಇಪ್ಪತ್ತೇಳು ವರ್ಷದ ಮಗಳು ನೊರಿಕೊ. ಅವಳಿಗೆ ತಂದೆಯನ್ನು ಬಿಟ್ಟು ಹೋಗಲು ಇಷ್ಟವಿಲ್ಲ. ಅವಳು ಹೋಗಬೇಕೆಂದು ತಂದೆಯ ಇಷ್ಟ. ಹಳೆಯ ಯಜಮಾನನಾಗಿದ್ದರೆ ಮಾತು ಆಜ್ಞೆಯ ರೂಪ ತಾಳಬಹುದಿತ್ತು. ಈ ತಂದೆಯ ಬಳಿ ಉಳಿದಿರುವುದು ಒಂದು ಸುಳ್ಳು: ತಾನು ಮರುಮದುವೆಯಾಗುತ್ತೇನೆ ಎನ್ನುತ್ತಾನೆ. ಮಗಳು ಒಪ್ಪುತ್ತಾಳೆ, ಮದುವೆಯಾಗುತ್ತದೆ. ಆ ರಾತ್ರಿ ತಂದೆ ಒಬ್ಬನೇ ಕುಳಿತು ಸೇಬಿನ ಸಿಪ್ಪೆ ಸುಲಿಯುತ್ತಾನೆ. ಮಗಳ ಸೇವೆಯನ್ನು ಪಡೆಯುವ ಹಕ್ಕನ್ನು ತಾನಾಗಿ ಬಿಟ್ಟುಕೊಡುವುದು ಇಲ್ಲಿ ತಂದೆತನದ ಲಕ್ಷಣವಾಗಿದೆ.

ಇನ್ನು 1953ರ ನವೆಂಬರಿನಲ್ಲಿ ತೆರೆಕಂಡ ‘ಟೋಕಿಯೋ ಸ್ಟೋರಿ’. ಮಕ್ಕಳ ಮನೆಗಳಲ್ಲಿ ಬೇರೆಬೇರೆಯಾಗಿ ಬಾಳಬೇಕಾಗಿ ಬಂದ ಮುದುಕ ಮುದುಕಿಯರನ್ನು ಕುರಿತು ಲಿಯೊ ಮೆಕ್ಯಾರಿ ಅವರು 1937ರಲ್ಲಿ ಮಾಡಿದ ‘ಮೇಕ್ ವೇ ಫಾರ್ ಟುಮಾರೊ’ ಎಂಬ ಅಮೆರಿಕನ್ ಚಿತ್ರದ ನೆನಪು ನೋದಾ ಅವರಿಗಿತ್ತು. ಕಥೆ ಸರಳ. ಒಳನಾಡು ಕಡಲಿನ ತೀರದ ಒನೊಮಿಚಿಯಿಂದ ವೃದ್ಧ ದಂಪತಿಗಳಾದ ಶುಕಿಚಿ ಮತ್ತು ತೊಮಿ ಟೋಕಿಯೋದಲ್ಲಿರುವ ಮಕ್ಕಳನ್ನು ನೋಡಲು ಬರುತ್ತಾರೆ. ಹಿರಿಯ ಮಗ ಕೊಇಚಿ ಹೊರವಲಯದ ಸಣ್ಣ ಡಾಕ್ಟರು. ಮಗಳು ಶಿಗೆಗೆ ಒಂದು ಬ್ಯೂಟಿ ಪಾರ್ಲರ್. ಎಲ್ಲರಿಗೂ ಕೆಲಸ. ಊರು ತೋರಿಸಲು ಹೊರಟ ಭಾನುವಾರ ರೋಗಿಯೊಬ್ಬನ ಮನೆಯಿಂದ ಕರೆ ಬರುತ್ತದೆ. ಹೆತ್ತವರಿಗೆ ದುಬಾರಿ ತಿಂಡಿ ತಂದ ಗಂಡನನ್ನು ಶಿಗೆ ಆಕ್ಷೇಪಿಸುತ್ತಾಳೆ. ಗಿರಾಕಿಯೊಬ್ಬಳು ಇವರಾರೆಂದು ಕೇಳಿದಾಗ ಊರಿನ ಪರಿಚಯದವರು ಎಂದುಬಿಡುತ್ತಾಳೆ. ಅಣ್ಣತಂಗಿ ಹಣ ಕೂಡಿಸಿ ಅವರನ್ನು ಅತಾಮಿಯ ಬಿಸಿನೀರಿನ ಬುಗ್ಗೆಯ ವಸತಿಗೃಹಕ್ಕೆ ಕಳಿಸುತ್ತಾರೆ. ರಾತ್ರಿಯ ಗದ್ದಲದಲ್ಲಿ ನಿದ್ದೆ ಬಾರದೆ ಇಬ್ಬರೂ ಹಿಂದಿರುಗುತ್ತಾರೆ. ಇವರಿಗಾಗಿ ಕಚೇರಿಗೆ ರಜೆ ಹಾಕಿ ಬಸ್ಸಿನಲ್ಲಿ ನಗರ ತೋರಿಸಿದವಳು, ಒಂದೇ ಕೋಣೆಯ ಮನೆಯಲ್ಲಿ ಅತ್ತೆಗೆ ಹಾಸಿಗೆ ಹಾಸಿಕೊಟ್ಟು ಭುಜ ಒತ್ತಿದವಳು ಸೊಸೆ ನೊರಿಕೊ. ಅವಳ ಗಂಡ, ಅಂದರೆ ಇವರ ಎರಡನೆಯ ಮಗ, ಯುದ್ಧದಲ್ಲಿ ಕಣ್ಮರೆಯಾಗಿ ಎಂಟು ವರ್ಷವಾಗಿದೆ.

ಹಳೆಯ ಸಂಹಿತೆಯಲ್ಲಿ ವಿಧವೆ ಸೊಸೆ ಗಂಡನ ಮನೆತನದ ಸದಸ್ಯೆಯಾಗಿಯೇ ಉಳಿಯುತ್ತಿದ್ದಳು. ಆ ಮನೆಯನ್ನು ಬಿಡಲು ಯಜಮಾನನ ಒಪ್ಪಿಗೆ ಬೇಕಾಗಿತ್ತು. ತಿದ್ದಿದ ಸಂಹಿತೆಯ 728ನೆಯ ವಿಧಿಯ ಪ್ರಕಾರ, ಗಂಡ ಸತ್ತ ಮೇಲೆ ಹೆಂಡತಿ ಬಯಸಿದರೆ ಅತ್ತೆಮಾವಂದಿರ ನಂಟನ್ನೇ ಮುಗಿಸಿಕೊಳ್ಳಬಹುದು. ಹೊಸ ಕಾನೂನು ಪೋಷಣೆಯ ಹೊಣೆಯನ್ನು ಪೂರ್ತಿ ಅಳಿಸಲಿಲ್ಲ. ಹೆತ್ತವರು, ಮಕ್ಕಳು, ಒಡಹುಟ್ಟಿದವರು ಪರಸ್ಪರ ನೋಡಿಕೊಳ್ಳಬೇಕೆಂದು 877ನೆಯ ವಿಧಿ ಹೇಳುತ್ತದೆ. ಆ ಸಾಲಿನಲ್ಲಿ ಸೊಸೆ ಇಲ್ಲ. ಹೀಗೆ ನೋಡಿದಾಗ ‘ಟೋಕಿಯೋ ಸ್ಟೋರಿ’ಯ ಪಾತ್ರಗಳಲ್ಲಿ ಕೊಇಚಿ ಮತ್ತು ಶಿಗೆಗೆ ಋಣವಿದೆ, ನೊರಿಕೊಗೆ ಇಲ್ಲ. ಋಣವಿದ್ದವರು ತಮ್ಮ ಪಾಲನ್ನು ಲೆಕ್ಕಹಾಕಿ ಸಲ್ಲಿಸುತ್ತಾರೆ. ಅವರು ಸಲ್ಲಿಸಲಿಲ್ಲವೆಂದು ಹೇಳಲಾಗದು. ತಾಯಿಗೆ ಕಾಯಿಲೆ ಎಂದಾಗ ಇಬ್ಬರೂ ರಾತ್ರಿಯ ರೈಲು ಹಿಡಿದು ಬರುತ್ತಾರೆ, ಸೂತಕದ ಉಡುಪನ್ನೂ ಮರೆಯದೆ ತರುತ್ತಾರೆ. ನೊರಿಕೊ ಅದನ್ನು ತಂದಿರುವುದಿಲ್ಲ.

ಓಜು ಹಿಂದಿನ ಕಾಲವನ್ನೂ ಹೊಗಳುವುದಿಲ್ಲ. ಹಳೆಯ ಗೆಳೆಯರೊಡನೆ ಕುಡಿದು ಪೊಲೀಸಿನವನ ಜೊತೆ ಮಗಳ ಮನೆಗೆ ಬಂದ ಶುಕಿಚಿಯನ್ನು ಕಂಡು ಶಿಗೆ, ಮೊದಲೂ ಅಪ್ಪ ಹೀಗೆಯೇ ಕುಡಿದು ಅಮ್ಮನನ್ನು ಗೋಳಾಡಿಸುತ್ತಿದ್ದರು ಎಂದು ಗಂಡನಿಗೆ ಹೇಳುತ್ತಾಳೆ. ಇದು ಒಂದೆರಡು ಮಾತಿನಲ್ಲಿ ಮುಗಿದುಹೋಗುತ್ತದೆ. ಆದರೆ ಅಪ್ಪನ ಮೃದುವಾದ ಮುಗುಳ್ನಗೆಯ ಹಿಂದೆ ಒಬ್ಬ ಯಜಮಾನನಿದ್ದನೆಂದೂ ಮಗಳ ಗಡಸುತನಕ್ಕೆ ಒಂದು ಬಾಲ್ಯವಿತ್ತೆಂದೂ ನಮಗೆ ತಿಳಿದುಬಿಡುತ್ತದೆ. ಎಪ್ಪತ್ತರ ಹಿರಿಯನಾಗಿ ಕಾಣುವ ಚಿಶು ರ್ಯು ಅವರಿಗೆ ಆಗ ನಲವತ್ತೊಂಬತ್ತು. ಮಗನಾಗಿ ನಟಿಸಿದ ಸೊ ಯಾಮಾಮುರಾ ಅವರಿಗಿಂತ ಆರೇ ವರ್ಷ ದೊಡ್ಡವರು. ಶಿಗೆಯಾದ ಹರುಕೊ ಸುಗಿಮುರಾ ಆ ಪಾತ್ರವನ್ನು ದುಷ್ಟಳನ್ನಾಗಿ ಮಾಡಲಿಲ್ಲ. ತಾಯಿ ತೀರಿದಾಗ ಬಿಕ್ಕಿಬಿಕ್ಕಿ ಅಳುವವಳೂ ಅವಳೇ, ಕಣ್ಣೀರು ಆರುವ ಮೊದಲೇ ತಾಯಿಯ ಸೀರೆಯಂಥ ಒಳ್ಳೆಯ ಕಿಮೋನೊವನ್ನು ನೆನಪಿಗೆಂದು ಕೇಳುವವಳೂ ಅವಳೇ. ಎರಡೂ ನಿಜ.

ಎಲ್ಲರೂ ಹೊರಟುಹೋದ ಮೇಲೆ ನೊರಿಕೊ ಕೆಲವು ದಿನ ಉಳಿಯುತ್ತಾಳೆ. ಅಣ್ಣ ಅಕ್ಕಂದಿರ ಮೇಲೆ ಸಿಟ್ಟಾದ ಕಿರಿಯ ನಾದಿನಿಗೆ, ಮಕ್ಕಳು ಬೆಳೆದಂತೆ ಅವರವರ ಬಾಳು ಅವರದಾಗುತ್ತದೆ, ಶಿಗೆ ಕೆಟ್ಟವಳಲ್ಲ, ನಾನೂ ಮುಂದೆ ಹಾಗೆಯೇ ಆಗಬಹುದು ಎಂದು ಸಮಾಧಾನ ಹೇಳುತ್ತಾಳೆ. ಮಾವ ಅವಳಿಗೆ, ಹೆತ್ತ ಮಕ್ಕಳಿಗಿಂತ ರಕ್ತಸಂಬಂಧವಿಲ್ಲದ ನೀನೇ ಹೆಚ್ಚು ಮಾಡಿದೆ, ಮರುಮದುವೆಯಾಗು, ಮಗನನ್ನು ಮರೆತುಬಿಡು ಎನ್ನುತ್ತಾರೆ. ಹೆಂಡತಿಯ ಗಡಿಯಾರವನ್ನು ಕೊಡುತ್ತಾರೆ. ಅವಳು ಹೊಗಳಿಕೆಯನ್ನು ಒಪ್ಪುವುದಿಲ್ಲ: ಗಂಡನ ನೆನಪೇ ಬಾರದ ದಿನಗಳುಂಟು, ಒಳಗೆಲ್ಲೋ ಏನನ್ನೋ ಕಾಯುತ್ತಿರುತ್ತೇನೆ, ನಾನು ಒಳ್ಳೆಯವಳಲ್ಲ ಎಂದು ಅಳುತ್ತಾಳೆ. ಸೊಸೆಯ ಸೇವೆಯನ್ನು ಸನ್ಮಾನಿಸಿ ಅದನ್ನೇ ಮುಂದಿನ ಸೊಸೆಯರಿಗೆ ಅಳತೆಗೋಲಾಗಿ ಮಾಡುವುದು ಹಳೆಯ ಮನೆತನದ ರೀತಿಯಾಗಿತ್ತು. ಶುಕಿಚಿ ಮಾಡುವುದು ಅದರ ವಿರುದ್ಧ. ಉಪಚಾರವನ್ನು ಕೃತಜ್ಞತೆಯಿಂದ ಸ್ವೀಕರಿಸಿ, ಅದು ಋಣವಾಗದಂತೆ ಅವಳನ್ನು ಬಿಡುಗಡೆ ಮಾಡುತ್ತಾರೆ.

ಇದೇ ಪ್ರಶ್ನೆಗೆ ಓಜು ಅವರ ಸಮಕಾಲೀನರು ಬೇರೆ ಉತ್ತರಗಳನ್ನು ಕೊಟ್ಟರು. ಅದೇ 1953ರಲ್ಲಿ, ಅದೇ ಷೋಚಿಕು ಸಂಸ್ಥೆಗಾಗಿ ಕೆಇಸುಕೆ ಕಿನೊಶಿತಾ ‘ಎ ಜಪಾನೀಸ್ ಟ್ರ್ಯಾಜಿಡಿ’ ಮಾಡಿದರು. ಅಲ್ಲಿಯೂ ಅತಾಮಿ ಬರುತ್ತದೆ. ಆದರೆ ಗದ್ದಲದ ವಸತಿಗೃಹದಲ್ಲಿ ನಿದ್ದೆಗೆಡುವ ಅತಿಥಿಯಾಗಿ ಅಲ್ಲ, ಅಲ್ಲಿ ದುಡಿಯುವ ಹೆಂಗಸಾಗಿ ತಾಯಿ ಇದ್ದಾಳೆ. ಯುದ್ಧಾನಂತರದ ಹಸಿವಿನಲ್ಲಿ ಕಾಳಸಂತೆಯ ವ್ಯಾಪಾರದಿಂದ ಮಕ್ಕಳನ್ನು ಸಾಕಿದ ವಿಧವೆ ಅವಳು. ವೈದ್ಯನಾಗಲಿರುವ ಮಗ ಶ್ರೀಮಂತ ಮನೆಗೆ ದತ್ತುಹೋಗಲು ಬಯಸುತ್ತಾನೆ. ಮಗಳು ವಿವಾಹಿತ ಮೇಷ್ಟ್ರೊಬ್ಬನೊಡನೆ ಹೊರಟುಹೋಗುತ್ತಾಳೆ. ತಾಯಿ ರೈಲಿಗೆ ತಲೆಕೊಡುತ್ತಾಳೆ. ನಡುನಡುವೆ ನಿಜವಾದ ಸುದ್ದಿಚಿತ್ರದ ತುಣುಕುಗಳನ್ನು ಸೇರಿಸಿ ಕಿನೊಶಿತಾ ಇದು ಒಂದು ಮನೆಯ ಕಥೆಯಲ್ಲವೆಂದು ತೋರಿಸಿದರು. ಎಲ್ಲವನ್ನೂ ನಿಮಗಾಗಿಯೇ ಮಾಡಿದೆ ಎಂದು ಋಣವನ್ನು ಮತ್ತೆಮತ್ತೆ ನೆನಪಿಸುವ ತಾಯಿಯೂ, ಆ ನೆನಪಿನಿಂದ ಓಡಿಹೋಗುವ ಮಕ್ಕಳೂ ಇಲ್ಲಿ ಒಂದೇ ಕಾಲದ ಬಲಿಗಳು.

1954ರ ಜನವರಿಯಲ್ಲಿ ಬಂದ ಮಿಕಿಯೊ ನರುಸೆ ಅವರ ‘ಸೌಂಡ್ ಆಫ್ ದಿ ಮೌಂಟನ್’ ಯಾಸುನಾರಿ ಕವಾಬತಾ ಅವರ ಕಾದಂಬರಿಯನ್ನು ಆಧರಿಸಿದ್ದು. ನೊರಿಕೊ ಆಗಿದ್ದ ಸೆತ್ಸುಕೊ ಹಾರಾ ಇಲ್ಲಿಯೂ ಸೊಸೆ. ‘ಟೋಕಿಯೋ ಸ್ಟೋರಿ’ಯಲ್ಲಿ ಪುರುಸೊತ್ತಿಲ್ಲದ ಹಿರಿಯ ಮಗನಾಗಿದ್ದ ಯಾಮಾಮುರಾ ಇಲ್ಲಿ ಮಾವ. ಪರಸ್ತ್ರೀಯ ಸಂಗ ಮಾಡಿದ ಮಗನಿಂದ ನೊಂದ ಸೊಸೆಗೆ ಮಾವನ ವಾತ್ಸಲ್ಯವೊಂದೇ ಆಸರೆ. ಆ ವಾತ್ಸಲ್ಯವೇ ಅವಳನ್ನು ಆ ಮನೆಯಲ್ಲಿ ಕಟ್ಟಿಹಾಕಿದೆ ಎಂದು ಮಾವನಿಗೆ ಅರಿವಾಗುತ್ತದೆ. ಉದ್ಯಾನವನವೊಂದರಲ್ಲಿ ಅವರು ಬೀಳ್ಕೊಡುತ್ತಾರೆ. ಅಕಿರಾ ಕುರೊಸಾವಾ 1955ರ ‘ಐ ಲಿವ್ ಇನ್ ಫಿಯರ್’ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಣುಬಾಂಬಿಗೆ ಹೆದರಿ ಇಡೀ ಕುಟುಂಬವನ್ನು ಬ್ರೆಜಿಲಿಗೆ ಸಾಗಿಸಲು ಹೊರಟ ಕಾರ್ಖಾನೆಯ ಒಡೆಯನ ವಿರುದ್ಧ ಮಕ್ಕಳು ಕುಟುಂಬ ನ್ಯಾಯಾಲಯಕ್ಕೆ ಹೋಗುತ್ತಾರೆ. ಆ ನ್ಯಾಯಾಲಯಗಳು ಹುಟ್ಟಿದ್ದೇ 1949ರಲ್ಲಿ. ಮನೆಯವರ ವಾಸಸ್ಥಳವನ್ನು ಗೊತ್ತುಮಾಡುವುದು ಹಿಂದೆ ಯಜಮಾನನ ಹಕ್ಕಾಗಿತ್ತಲ್ಲವೆ? ಈಗ ಅದೇ ಬಯಕೆ ಬುದ್ಧಿಸ್ಥಿಮಿತದ ವಿಚಾರಣೆಗೆ ವಸ್ತುವಾಗಿದೆ.

ಓಜು ಅವರ ಕೊನೆಯ ಚಿತ್ರ, 1962ರ ‘ಆ್ಯನ್ ಆಟಮ್ ಆಫ್ಟರ್‌ನೂನ್’, ನಮ್ಮ ವಾದಕ್ಕೆ ಅತ್ಯಂತ ಬೇಕಾದ ಪಾತ್ರವನ್ನು ಒಳಗೊಂಡಿದೆ. ನಾಯಕನ ಹಳೆಯ ಮೇಷ್ಟ್ರು ಈಗ ನೂಡಲ್ಸ್ ಅಂಗಡಿ ನಡೆಸುತ್ತಾನೆ. ಜೊತೆಗೆ ಮದುವೆಯಾಗದೆ ಉಳಿದ ನಡುವಯಸ್ಸಿನ ಮಗಳು. ತನ್ನ ಅನುಕೂಲಕ್ಕಾಗಿ ಅವಳನ್ನು ಇಟ್ಟುಕೊಂಡುಬಿಟ್ಟೆ ಎಂದು ಅವನು ಕುಡಿದು ಪರಿತಪಿಸುತ್ತಾನೆ. ಕುಡಿದು ಬಂದ ಅಪ್ಪನನ್ನು ನೋಡಿ ಒಬ್ಬಳೇ ಅಳುವ ಆ ಮಗಳು ಹಿಂದೆ ಶಿಗೆಯಾಗಿದ್ದ ಸುಗಿಮುರಾ. ಒಂದು ಚಿತ್ರದಲ್ಲಿ ಋಣವನ್ನು ಜಿಪುಣತನದಿಂದ ಸಲ್ಲಿಸಿದವಳು ಇನ್ನೊಂದರಲ್ಲಿ ಕೊನೆಯ ಕಾಸಿನವರೆಗೂ ಸಲ್ಲಿಸಿ ಬರಿದಾಗಿದ್ದಾಳೆ. ಹಳೆಯ ನೀತಿಪಾಠದ ಪ್ರಕಾರ ಇವಳೇ ಆದರ್ಶ ಪುತ್ರಿ. ಓಜು ಅವಳನ್ನು ಎಚ್ಚರಿಕೆಯಾಗಿ ತೋರಿಸುತ್ತಾರೆ. ಈ ಚಿತ್ರದ ಸಿದ್ಧತೆಯ ಕಾಲದಲ್ಲಿ, 1962ರ ಫೆಬ್ರವರಿಯಲ್ಲಿ, ಅವರ ತಾಯಿ ತೀರಿಕೊಂಡರು. ಮರುವರ್ಷ ಡಿಸೆಂಬರ್ 12ರಂದು, ಸರಿಯಾಗಿ ಅರುವತ್ತು ತುಂಬಿದ ದಿನ, ಓಜು ಕೂಡ. ಕಿತಾ-ಕಾಮಾಕುರಾದ ಎಂಗಾಕು-ಜಿ ದೇವಾಲಯದ ಆವರಣದಲ್ಲಿರುವ ಅವರ ಸಮಾಧಿಶಿಲೆಯ ಮೇಲೆ ಹೆಸರಿಲ್ಲ. ಶೂನ್ಯವನ್ನು ಸೂಚಿಸುವ ‘ಮು’ ಎಂಬ ಒಂದೇ ಅಕ್ಷರವಿದೆ.

ಹೆತ್ತವರ ಭಾರದ ಒಂದು ಪಾಲನ್ನು ಜಪಾನಿನ ಸರ್ಕಾರ ಎತ್ತಿಕೊಳ್ಳತೊಡಗಿದ್ದೂ ಆ ವರ್ಷಗಳಲ್ಲಿಯೇ. 1961ರಲ್ಲಿ ಎಲ್ಲರಿಗೂ ಪಿಂಚಣಿ ಮತ್ತು ಆರೋಗ್ಯವಿಮೆ, 1963ರಲ್ಲಿ ವೃದ್ಧರ ಕಲ್ಯಾಣ ಕಾಯಿದೆ, ಬಹಳ ತಡವಾಗಿ 2000ದಲ್ಲಿ ದೀರ್ಘಕಾಲದ ಆರೈಕೆಗೆ ವಿಮೆ. ನಮ್ಮ ದೇಶ ಬೇರೆ ದಾರಿ ಹಿಡಿಯಿತು. 2007ರ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿಯ ಮಿತಿಯವರೆಗೆ ಜೀವನಾಂಶ ಕೊಡಿಸುವ ಅಧಿಕಾರವನ್ನು ನ್ಯಾಯಮಂಡಳಿಗಳಿಗೆ ಕೊಟ್ಟಿತು. ಅದು ಬೇಕಾದ ಕಾಯಿದೆ. ಬೀದಿಗೆ ಬಿದ್ದ ಮುದುಕಿಗೆ ಸಿನಿಮಾ ಅನ್ನ ಹಾಕುವುದಿಲ್ಲ. ಆದರೂ ಆ ಕಾಯಿದೆ ಕೊಟ್ಟ ವ್ಯಾಖ್ಯೆಯಲ್ಲಿ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಇದ್ದಾರೆ, ಸೊಸೆ ಇಲ್ಲ. ನಮ್ಮ ಮನೆಗಳಲ್ಲಿ ಮುದುಕರಿಗೆ ಗಂಜಿ ಕುಡಿಸುವವರು ಬಹುಪಾಲು ಯಾರೆಂದು ನಮಗೆಲ್ಲ ಗೊತ್ತು.

ಕನ್ನಡಕ್ಕೂ ಈ ಕಥೆ ಬೇಗನೆ ಬಂದಿತ್ತು. 1958ರಲ್ಲಿ ಬಿ. ಆರ್. ಪಂತುಲು ಅವರು ತೆಗೆದ ‘ಸ್ಕೂಲ್ ಮಾಸ್ಟರ್’ನಲ್ಲಿ ನಿವೃತ್ತ ಮೇಷ್ಟ್ರೂ ಅವರ ಹೆಂಡತಿಯೂ ಮಕ್ಕಳ ಮನೆಗಳಲ್ಲಿ ಅಗಲಿ ಬಾಳಬೇಕಾಗುತ್ತದೆ, ಆಪತ್ತಿಗೆ ಒದಗುವವನು ಹಳೆಯ ಶಿಷ್ಯ. ಅಲ್ಲಿಯೂ ಉಪಚಾರ ಬರುವುದು ಹೆತ್ತ ಮಕ್ಕಳಿಂದಲ್ಲ. ಆದರೆ ಅಲ್ಲಿ ಮಕ್ಕಳು ತಪ್ಪಿತಸ್ಥರು. ಅವರಿಗೆ ಬುದ್ಧಿ ಬರಲೆಂದು ನಾವು ಕಾಯುತ್ತೇವೆ. ಓಜು ಅವರಲ್ಲಿ ಕಾಯುವುದಕ್ಕೆ ಏನೂ ಇಲ್ಲ. ಕೊಇಚಿ ಮರುದಿನ ರೋಗಿಗಳನ್ನು ನೋಡುತ್ತಾನೆ, ಶಿಗೆ ಅಂಗಡಿ ತೆರೆಯುತ್ತಾಳೆ.

ಊರಿನಿಂದ ದೂರ, ಮುಂಬಯಿ ಪುಣೆ ದೆಹಲಿಗಳಲ್ಲಿ ಸಂಬಳಕ್ಕಾಗಿ ನೆಲೆಸಿರುವ ನಾವು ಈ ಚಿತ್ರವನ್ನು ನೋಡುವಾಗ ನೊರಿಕೊಳೊಂದಿಗೆ ಅಳುತ್ತೇವೆ. ಆದರೆ ನಮ್ಮ ಪಾತ್ರ ಶಿಗೆಯದು. ಹಬ್ಬಕ್ಕೆ ನಾಲ್ಕು ದಿನ, ತಿಂಗಳಿಗೊಂದು ಹಣದ ರವಾನೆ, ಊರಿನಿಂದ ಬಂದವರಿಗೆ ಒಂದು ಭಾನುವಾರದ ನಗರದರ್ಶನ: ಇದು ಕರ್ತವ್ಯವೇ, ತಿರಸ್ಕಾರಕ್ಕೆ ಯೋಗ್ಯವಲ್ಲ. ಓಜು ಇದನ್ನು ತಿರಸ್ಕರಿಸಲಿಲ್ಲ. ಸಲ್ಲಬೇಕಾದದ್ದು ಸಂದಮೇಲೂ ಇನ್ನೊಂದು ಉಳಿದಿರುತ್ತದೆಂದು, ಅದನ್ನು ಯಾವ ಯಜಮಾನನೂ ಯಾವ ನ್ಯಾಯಮಂಡಳಿಯೂ ವಸೂಲಿಮಾಡಲಾರದೆಂದು ಮಾತ್ರ ತೋರಿಸಿದರು. ಚಿತ್ರದ ಕೊನೆಯಲ್ಲಿ ನೊರಿಕೊ ಟೋಕಿಯೋದ ರೈಲಿನಲ್ಲಿ ಕುಳಿತು ಅತ್ತೆಯ ಗಡಿಯಾರವನ್ನು ತೆರೆದು ನೋಡುತ್ತಾಳೆ. ಒನೊಮಿಚಿಯಲ್ಲಿ ಮಾವ ಕಡಲಿನ ಕಡೆಗೆ ಮುಖಮಾಡಿ ಬೀಸಣಿಗೆ ಬೀಸಿಕೊಳ್ಳುತ್ತಾ ಕುಳಿತಿದ್ದಾರೆ. ಕಿಟಕಿಯ ಹೊರಗೆ ಹಾದುಹೋಗುವ ನೆರೆಯಾಕೆ, ಇನ್ನು ನಿಮಗೆ ಒಂಟಿತನ ಎನ್ನುತ್ತಾಳೆ. ಅವರು ಹೌದೆನ್ನುತ್ತಾರೆ.